‘ಫೋಮ್’ ಬಂದದ್ದು ‘ಫೇನ’ದಿಂದಲೇ? ಫ್ರಾತ್, ಲ್ಯಾದರ್, ಸಡ್ಸ್, ಸ್ಕಮ್: ಎಲ್ಲಕ್ಕೂ ‘ನೊರೆ’ ಸಾಕೇ?

ಪದಬುತ್ತಿ:
ಇಂಗ್ಲಿಷಿನ ‘ಫೋಮ್’ ಸಂಸ್ಕೃತದ ‘ಫೇನ’ದಿಂದ ಹುಟ್ಟಿದ್ದು ಎನ್ನುವ ಬರಹವೊಂದು ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಅರ್ಥ ಒಂದೇ, ಮೊದಲ ಅಕ್ಷರವೂ ಒಂದೇ, ಹಾಗಾಗಿ ನಂಬುವವರು ಬಹಳ. ನಿಘಂಟುಗಳು ಮಾತ್ರ ‘ಸಂಬಂಧಿ ಪದ’ ಎನ್ನುತ್ತವೆಯೇ ಹೊರತು ‘ಮೂಲ’ ಎನ್ನುವುದಿಲ್ಲ. ಎರಡಕ್ಕೂ ಏನು ವ್ಯತ್ಯಾಸ ಎಂದು ಬಲ್ಲವರು ಬಿಡಿಸಿ ಹೇಳಬೇಕು.
ಇನ್ನೊಂದು ಪ್ರಶ್ನೆ ಅನುವಾದದ್ದು. ಫೋಮ್, ಫ್ರಾತ್, ಲ್ಯಾದರ್, ಸಡ್ಸ್, ಸ್ಕಮ್ ಐದಕ್ಕೂ ನಾವು ‘ನೊರೆ’ ಎಂದೇ ಬರೆದು ಮುಗಿಸುತ್ತಿದ್ದೇವೆ. ಇದು ಸರಿಯೇ?

ಧ್ವನಿಸೂತ್ರ:
ಮೊದಲ ಪ್ರಶ್ನೆಗೆ ಉತ್ತರ: ಇಲ್ಲ. ಫೋಮ್ ಮತ್ತು ಫೇನ ಅಕ್ಕತಂಗಿಯರು, ತಾಯಿಮಗಳಲ್ಲ. ಇದನ್ನು ಪರೀಕ್ಷಿಸುವ ಕ್ರಮ ಹೇಳುತ್ತೇನೆ, ಬೇರೆ ಪದಗಳಿಗೂ ಉಪಯೋಗಕ್ಕೆ ಬರುತ್ತದೆ.

ಮೊದಲು ಕಾಲ ನೋಡಿ. ಹಳೆಯ ಇಂಗ್ಲಿಷಿನಲ್ಲಿ ಈ ಪದ ‘ಫಾಮ್’ ಎಂಬ ರೂಪದಲ್ಲಿ ಸಾವಿರ ವರ್ಷಕ್ಕೂ ಹಿಂದೆಯೇ ಬಳಕೆಯಲ್ಲಿತ್ತು. ಬೇವುಲ್ಫ್ ಕಾವ್ಯದಲ್ಲಿ ಅಲೆ ಸೀಳಿಕೊಂಡು ಹೋಗುವ ಹಡಗಿಗೆ ‘ಫಾಮಿಹೆಯಲ್ಸ್’ ಎಂಬ ವಿಶೇಷಣವಿದೆ. ‘ನೊರೆಗೊರಳಿನದು’ ಎಂದು ಅರ್ಥ. ಆ ಕಾಲಕ್ಕೆ ಇಂಗ್ಲಿಷರಿಗೆ ಸಂಸ್ಕೃತದ ಗಂಧವೇ ಇರಲಿಲ್ಲ. ಅವರು ಭಾರತಕ್ಕೆ ಬಂದ ಮೇಲೆ ಕಡ ಪಡೆದ ಪದಗಳ ಲೆಕ್ಕವೇ ಬೇರೆ: ಲೂಟ್, ಜಂಗಲ್, ಬಂಗಲೋ ಇತ್ಯಾದಿ.

ಆಮೇಲೆ ಧ್ವನಿ. ಇಲ್ಲಿ ಕನ್ನಡದವರಿಗೆ ನಮ್ಮ ಲಿಪಿಯೇ ದಾರಿ ತಪ್ಪಿಸುತ್ತದೆ. ‘ಫೇನ’ದ ಫಕಾರ ಪಕಾರಕ್ಕೆ ಉಸಿರು ಸೇರಿದ ಮಹಾಪ್ರಾಣ, ಎರಡು ತುಟಿ ಕೂಡಿಸಿ ಹೇಳುವುದು. ‘ಫೋಮ್’ನದು ಮೇಲಿನ ಹಲ್ಲು ಕೆಳತುಟಿಗೆ ತಾಗಿ ಬರುವ ಧ್ವನಿ. ಎರಡನ್ನೂ ಒಂದೇ ‘ಫ’ದಲ್ಲಿ ಬರೆಯುವುದರಿಂದ ಒಂದೇ ಅನ್ನಿಸುತ್ತದೆ. ನುಕ್ತ (ಅಕ್ಷರದ ಕೆಳಗಿನ ಚುಕ್ಕೆ) ಹಾಕಿ ‘ಫ಼ೋಮ್’ ಎಂದು ಬರೆದರೆ ಈ ಹೋಲಿಕೆ ಅಲ್ಲೇ ಅರ್ಧ ಕರಗುತ್ತದೆ. ಎರಡು ಧ್ವನಿಗಳೂ ಹಿಂದಿನ ಒಂದೇ ‘ಪ್’ನಿಂದ ಬೇರೆ ಬೇರೆ ಹಾದಿ ಹಿಡಿದು ಬಂದವು.

ಇಂಗ್ಲಿಷಿನ ಹಾದಿ ಹೀಗೆ. ಸಂಸ್ಕೃತ, ಲ್ಯಾಟಿನ್, ಇಂಗ್ಲಿಷ್ ಎಲ್ಲ ಕವಲೊಡೆದ ಇಂಡೋ-ಯುರೋಪಿಯನ್ ಮೂಲಭಾಷೆಯ ‘ಪ್’, ಇಂಗ್ಲಿಷ್, ಜರ್ಮನ್, ಡಚ್ ಸೇರಿದ ಜರ್ಮ್ಯಾನಿಕ್ ಶಾಖೆಯಲ್ಲಿ ‘ಫ಼್’ ಆಯಿತು. ಇದು ಜರ್ಮನ್ ಭಾಷಾವಿಜ್ಞಾನಿ ಗ್ರಿಮ್ಮನ ಹೆಸರಿನ ನಿಯಮದ ಒಂದು ಭಾಗ. ಸಂಸ್ಕೃತದ ‘ಪಿತೃ’ ಮತ್ತು ‘ಫಾದರ್’, ‘ಪಾದ’ ಮತ್ತು ‘ಫುಟ್’, ‘ಪಂಚ’ ಮತ್ತು ‘ಫೈವ್’ ಇವೇ ಸಾಕ್ಷಿ. ಸಂಸ್ಕೃತದ ಪಕಾರಕ್ಕೆ ಇಂಗ್ಲಿಷಿನಲ್ಲಿ ಫಕಾರ ಸಿಗುವುದು ವಾಡಿಕೆ. ಫಕಾರಕ್ಕೆ ಫಕಾರ ಸಿಕ್ಕಿದರೆ ಅದು ಅನುಮಾನಕ್ಕೆ ಕಾರಣವಾಗಬೇಕೇ ಹೊರತು ಸಾಕ್ಷಿಯಾಗಬಾರದು.

ಇನ್ನು ಸ್ವರ. ಮೂಲದಲ್ಲಿ ಇದ್ದದ್ದು ‘ಒಯ್’ ಎಂಬ ಜೋಡಿಸ್ವರ. ಜರ್ಮ್ಯಾನಿಕ್‌ನಲ್ಲಿ ಅದು ‘ಅಯ್’ ಆಗಿ, ಹಳೆಯ ಇಂಗ್ಲಿಷಿಗೆ ಬರುವಾಗ ‘ಆ’ ಆಗಿ, 12-13ನೇ ಶತಮಾನದ ಹೊತ್ತಿಗೆ ದಕ್ಷಿಣ ಇಂಗ್ಲೆಂಡಿನಲ್ಲಿ ‘ಓ’ ಕಡೆಗೆ ಹೊರಳಿತು. ಹಾಗಾಗಿ ‘ಸ್ಟಾನ್’ ಸ್ಟೋನ್ ಆಯಿತು, ‘ಹಾಮ್’ ಹೋಮ್ ಆಯಿತು, ‘ಬಾನ್’ ಬೋನ್ ಆಯಿತು, ‘ಫಾಮ್’ ಫೋಮ್ ಆಯಿತು. ಜರ್ಮನ್ನಿನಲ್ಲಿ ‘ಅಯ್’ ಹಾಗೇ ಉಳಿಯಿತು: ಷ್ಟೈನ್, ಹೈಮ್, ಫೈಮ್. ಸ್ಕಾಟ್‌ಲೆಂಡಿನ ನುಡಿ ಮೂರನೆಯ ದಾರಿ ಹಿಡಿದು ಸ್ಟೇನ್, ಹೇಮ್, ಫೇಮ್ ಎನ್ನುತ್ತದೆ. ಇಡೀ ಸಾಲು ಒಟ್ಟಿಗೆ ಕದಲಿದೆ. ಹೊರಗಿನಿಂದ ಒಂಟಿಯಾಗಿ ಬಂದ ಪದ ಹೀಗೆ ಬಳಗದ ಜೊತೆ ಹೆಜ್ಜೆ ಹಾಕುವುದಿಲ್ಲ.

ಸಂಸ್ಕೃತದಲ್ಲಿ ಅದೇ ‘ಒಯ್’ ಮೊದಲು ‘ಅಯ್’ ಆಗಿ, ಬಳಿಕ ‘ಏ’ ಆಯಿತು. ಇದಕ್ಕೆ ಪುರಾವೆ ಶಾಲೆಯಲ್ಲೇ ಕಲಿತಿದ್ದೇವೆ: ದೇವ + ಇಂದ್ರ = ದೇವೇಂದ್ರ. ಗುಣಸಂಧಿಯಲ್ಲಿ ಅಕಾರಕ್ಕೆ ಇಕಾರ ಸೇರಿದರೆ ಏಕಾರ ಏಕೆ ಬರುತ್ತದೆ ಎಂದರೆ, ಸಂಸ್ಕೃತದ ಏಕಾರ ಹಿಂದೆ ನಿಜಕ್ಕೂ ‘ಅಇ’ ಆಗಿತ್ತು. ಲ್ಯಾಟಿನ್ನಿನಲ್ಲಿ ಅದೇ ಜೋಡಿಸ್ವರ ‘ಊ’ ಆಯಿತು: ‘ಒಂದು’ ಎನ್ನಲು ಹಳೆಯ ರೂಪ ‘ಒಯ್ನೊಸ್’, ಆಮೇಲಿನದು ‘ಊನುಸ್’. ನೊರೆಗೆ ಲ್ಯಾಟಿನ್ ಪದ ‘ಸ್ಪೂಮ’. ಫೋಮ್, ಫೇನ, ಸ್ಪೂಮ ಮೂರರ ಸ್ವರಗಳೂ ತಂತಮ್ಮ ಮನೆಯ ನಿಯಮಕ್ಕೆ ಸರಿಯಾಗಿ ಕೂರುತ್ತವೆ.

ಪದಬುತ್ತಿ:
ಲ್ಯಾಟಿನ್ನಿಗೆ ಸಕಾರ ಎಲ್ಲಿಂದ ಬಂತು? ಫೇನದಲ್ಲಿ ನಕಾರ, ಫೋಮ್‌ನಲ್ಲಿ ಮಕಾರ ಏಕೆ?

ಧ್ವನಿಸೂತ್ರ:
ಸಕಾರಕ್ಕೆ ಭಾಷಾವಿಜ್ಞಾನದಲ್ಲಿ ‘ಚಲಿಸುವ ಸಕಾರ’ ಎನ್ನುತ್ತಾರೆ. ಮೂಲಭಾಷೆಯ ಕೆಲವು ಧಾತುಗಳಲ್ಲಿ ಮೊದಲ ಸ್ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಸಂಸ್ಕೃತದೊಳಗೇ ಉದಾಹರಣೆ ಇದೆ: ‘ಪಶ್ಯತಿ’ ಎಂದರೆ ನೋಡುತ್ತಾನೆ, ‘ಸ್ಪಶ’ ಎಂದರೆ ಗೂಢಚಾರ, ನೋಡುತ್ತಿರುವವನು. ಎರಡೂ ಒಂದೇ ಬೇರಿನವು. ಇಂಗ್ಲಿಷಿನ ‘ಸ್ಪೈ’ ಕೂಡ ಅದೇ ಬಳಗ.

ಇಲ್ಲಿ ಒಂದು ಸೂಕ್ಷ್ಮವಿದೆ. ಗ್ರಿಮ್ಮನ ನಿಯಮ ‘ಸ್ಪ್’ ಜೋಡಿಗೆ ತಟ್ಟುವುದಿಲ್ಲ. ಸಕಾರದ ಆಸರೆಯಲ್ಲಿ ಪಕಾರ ಹಾಗೇ ಉಳಿಯುತ್ತದೆ. ಫೋಮ್‌ನಲ್ಲಿ ಫಕಾರ ಇದೆ ಎಂದರೆ ಜರ್ಮ್ಯಾನಿಕ್ಕಿಗೆ ಬಂದದ್ದು ಸಕಾರ ಇಲ್ಲದ ರೂಪ. ಲ್ಯಾಟಿನ್ನಿನ ಸ್ಪೂಮ, ಲಿಥುವೇನಿಯನ್ನಿನ ‘ಸ್ಪಾಯ್ನೆ’ ಸಕಾರ ಉಳಿಸಿಕೊಂಡವು. ರಷ್ಯನ್ನಿನ ‘ಪೇನ’ದಲ್ಲಿ ಈಗ ಸಕಾರ ಇಲ್ಲ. ಸಂಸ್ಕೃತದಲ್ಲಿಯೂ ಸಕಾರ ಇಲ್ಲ, ಆದರೆ ಪಕಾರ ಮಹಾಪ್ರಾಣವಾಗಿದೆ. ಸಕಾರದ ಪಕ್ಕದ ಪಕಾರ ಸಂಸ್ಕೃತದಲ್ಲಿ ಉಸಿರು ತುಂಬಿಕೊಳ್ಳುವುದು ಬೇರೆ ಕಡೆಯೂ ಕಾಣುತ್ತದೆ: ಸಂಸ್ಕೃತದ ‘ಸ್ಫುರತಿ’ ಮತ್ತು ಇಂಗ್ಲಿಷಿನ ‘ಸ್ಪರ್ನ್’ ಒಂದೇ ಬೇರಿನವು.

ಮಕಾರ, ನಕಾರ ಎರಡೂ ಪ್ರತ್ಯಯಗಳು. ಒಂದೇ ಧಾತುವಿಗೆ ಕೆಲವರು ‘ಮೊ’ ಹಚ್ಚಿದರು, ಕೆಲವರು ‘ನೊ’ ಹಚ್ಚಿದರು. ಪಶ್ಚಿಮದ ಲ್ಯಾಟಿನ್, ಜರ್ಮ್ಯಾನಿಕ್ ಮಕಾರದ ಪಕ್ಷ. ಬಾಲ್ಟಿಕ್ (ಲಿಥುವೇನಿಯನ್ನಿನ ಶಾಖೆ), ಸ್ಲಾವಿಕ್ (ರಷ್ಯನ್ನಿನ ಶಾಖೆ), ಸಂಸ್ಕೃತ ನಕಾರದ ಪಕ್ಷ.

ಫೇನ ಎಷ್ಟು ಹಳೆಯದು ಎಂಬುದಕ್ಕೆ: ಇಂದ್ರ ನಮುಚಿ ಎಂಬ ಅಸುರನ ತಲೆಯನ್ನು ನೀರಿನ ಫೇನದಿಂದ ಹಾರಿಸಿದ ಮಾತು ಋಗ್ವೇದದ 8ನೇ ಮಂಡಲದಲ್ಲೇ ಬರುತ್ತದೆ. ಒದ್ದೆಯದರಿಂದಲೂ ಒಣಗಿದ್ದರಿಂದಲೂ ಕೊಲ್ಲಬಾರದೆಂಬ ಕರಾರಿತ್ತು, ನೊರೆ ಎರಡೂ ಅಲ್ಲ ಎನ್ನುವುದು ಆಮೇಲಿನ ಕಥೆಗಳ ವಿವರಣೆ.

ತಿರುಳ್ಗನ್ನಡ:
ನಮ್ಮ ‘ನೊರೆ’ ಈ ಬಳಗಕ್ಕೆ ಸೇರಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡೋಣ. ಅದು ಅಚ್ಚ ದ್ರಾವಿಡ. ತಮಿಳಿನಲ್ಲಿ ‘ನುರೈ’, ಮಲಯಾಳಂನಲ್ಲಿ ‘ನುರ’, ತೆಲುಗಿನಲ್ಲಿ ‘ನುರಗ’. ತಮಿಳಿನ ಉಕಾರ ನಮ್ಮಲ್ಲಿ ಒಕಾರವಾಗುವುದಕ್ಕೂ ಕಟ್ಟಳೆ ಇದೆ: ಮುಂದಿನ ಅಕ್ಷರದಲ್ಲಿ ಅಕಾರ ಅಥವಾ ಐಕಾರ ಇದ್ದರೆ ಹೀಗಾಗುತ್ತದೆ. ತಮಿಳಿನ ‘ಕುಡೈ’ ನಮ್ಮ ಕೊಡೆ, ‘ನುರೈ’ ನಮ್ಮ ನೊರೆ. ಕೊನೆಯ ಐಕಾರ ಎಕಾರವಾಗುವುದು ತಲೈ-ತಲೆ, ಮಲೈ-ಮಲೆಗಳಲ್ಲೂ ಕಾಣುತ್ತದೆ. ‘ಬುರುಗು’ ಎಂಬ ಇನ್ನೊಂದು ಪದವೂ ನಮ್ಮದಿದೆ, ಈಚೆಗೆ ಬರಹದಲ್ಲಿ ಕಡಿಮೆಯಾಗಿದೆ. ಎದ್ದು ಉಬ್ಬಿ ತುಂಬಿಕೊಂಡ ನೊರೆಗೆ ಅದು ಬಹಳ ಚೆನ್ನಾಗಿ ಒಪ್ಪುತ್ತದೆ.

ಕಡಲಬದಿ:
ಫೇನ ಕನ್ನಡದ ದಿನಬಳಕೆಯಲ್ಲಿ ನೇರವಾಗಿ ಇಲ್ಲದಿದ್ದರೂ ವೇಷ ಬದಲಿಸಿಕೊಂಡು ಇದೆ. ಮದುವೆಯೂಟದ ಫೇಣಿ (ಬಾಯಿಮಾತಿನಲ್ಲಿ ಪೇಣಿ) ಸಂಸ್ಕೃತದ ‘ಫೇನಿಕಾ’ದಿಂದ ಬಂದದ್ದು, ಪದರ ಪದರವಾಗಿ ಉಬ್ಬಿ ಹಗುರವಾಗಿರುವುದಕ್ಕೆ ಆ ಹೆಸರು. ಅಂಟುವಾಳಕ್ಕೆ ಸಂಸ್ಕೃತದಲ್ಲಿ ‘ಫೇನಿಲ’, ನೊರೆಯುಳ್ಳದ್ದು. ಅದೇ ಮರದ ಸಸ್ಯಶಾಸ್ತ್ರೀಯ ಹೆಸರು ‘ಸಪಿಂಡಸ್’, ಲ್ಯಾಟಿನ್ನಿನಲ್ಲಿ ‘ಭಾರತದ ಸಾಬೂನು’ ಎಂಬ ಅರ್ಥದ ಎರಡು ಪದ ಬೆಸೆದದ್ದು.

ಗ್ರಂಧಿಗೆ ಅಂಗಡಿಯ ‘ಸಮುದ್ರಫೇನ’ ನೊರೆಯಲ್ಲ, ಕಟ್ಲ್‌ಫಿಷ್ ಎಂಬ ಕಡಲಜೀವಿಯ ಒಳಚಿಪ್ಪು. ದಡಕ್ಕೆ ತೇಲಿಬರುವ, ಬೆಳ್ಳಗೆ ಹಗುರವಾಗಿರುವ ವಸ್ತು. ಅಮರಕೋಶ ಫೇನದ ಜೊತೆಗೆ ‘ಹಿಂಡೀರ’, ‘ಅಬ್ಧಿಕಫ’ ಎಂಬ ಹೆಸರುಗಳನ್ನೂ ಕೊಡುತ್ತದೆ. ಅಬ್ಧಿಕಫ ಎಂದರೆ ಕಡಲಿನ ಕಫ. ಜರ್ಮನ್ನರ ‘ಮೇರ್‌ಶೌಮ್’ ಎಂಬ ಪದಕ್ಕೂ ‘ಕಡಲನೊರೆ’ ಎಂದೇ ಅರ್ಥ, ಆದರೆ ಅವರು ಹಾಗೆ ಕರೆಯುವುದು ಸೆಪಿಯೊಲೈಟ್ ಎಂಬ ಖನಿಜವನ್ನು. ಹೊಗೆಸೊಪ್ಪಿನ ಪೈಪು ಕೆತ್ತುವ ಬಿಳಿಕಲ್ಲು ಅದು, ಟರ್ಕಿಯ ಎಸ್ಕಿಷೆಹಿರ್ ಅದಕ್ಕೆ ಹೆಸರಾದ ಊರು. ಅನುವಾದಿಸುವಾಗ ಮೇರ್‌ಶೌಮ್ ಅನ್ನು ‘ಸಮುದ್ರಫೇನ’ ಎಂದು ಬರೆದರೆ ಕಲ್ಲು ಹೋಗಿ ಚಿಪ್ಪು ಬಂದೀತು.

ಗೋವೆಯ ಫೆನಿಯೂ ಇದೇ ಬಳಗ. ಕೊಂಕಣಿಯಲ್ಲಿ ‘ಫೇಣ್’ ಎಂದರೆ ನೊರೆ. ಭಟ್ಟಿ ಇಳಿಸಿದ್ದನ್ನು ಕುಲುಕಿದಾಗ ಮೇಲೆ ಏಳುವ ಗುಳ್ಳೆಗಳನ್ನು ನೋಡಿ ಅದರ ಕಸುವು ಅಳೆಯುತ್ತಿದ್ದರು. ಗೇರುಹಣ್ಣಿನ ಫೆನಿಗೆ 2009ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು.

ಪದಬುತ್ತಿ:
ಹಾಗಾದರೆ ಅಫೀಮಿನ ‘ಅಹಿಫೇನ’? ಆ ವಾಟ್ಸಾಪ್ ಬರಹದಲ್ಲಿ ಅದೂ ಇದೆ. ಓಪಿಯಂ ಹುಟ್ಟಿದ್ದು ಅಹಿಫೇನದಿಂದ ಎಂದು.

ಕಡಲಬದಿ:
ಅದು ತಿರುಗುಮುರುಗಾಗಿದೆ. ಗ್ರೀಕಿನಲ್ಲಿ ‘ಒಪೊಸ್’ ಎಂದರೆ ಗಿಡದ ಹಾಲು, ಅದರಿಂದ ‘ಓಪಿಯೊನ್’. ಅರಬ್ಬಿಯಲ್ಲಿ ಅದು ‘ಅಫ್ಯೂನ್’ ಆಯಿತು. ವ್ಯಾಪಾರದ ಜೊತೆ ನಮ್ಮ ಕಡೆ ಬಂದಾಗ ಆ ಧ್ವನಿಗೆ ಹೊಂದುವ, ಅರ್ಥವೂ ಕೊಡುವ ಸಂಸ್ಕೃತ ರೂಪ ಕಟ್ಟಿದರು: ಅಹಿ ಎಂದರೆ ಹಾವು, ಫೇನ ಎಂದರೆ ನೊರೆ. ಹೊರಗಿನ ಪದಕ್ಕೆ ಮನೆಯ ಬಟ್ಟೆ ತೊಡಿಸುವ ಈ ಕ್ರಮ ಎಲ್ಲ ಭಾಷೆಗಳಲ್ಲೂ ಇದೆ.

ಧ್ವನಿಸೂತ್ರ:
ನಿಜವಾಗಿ ಭಾರತದಿಂದ ಹೋದ ನೊರೆಯ ಪದ ಬೇಕೆಂದರೆ ‘ಶಾಂಪೂ’ ಇದೆ. ಹಿಂದಿಯ ‘ಚಾಂಪ್ನಾ’, ಅಂದರೆ ಒತ್ತು, ಅದುಮು. ಅದರ ಆಜ್ಞಾರೂಪ ‘ಚಾಂಪೋ’. ಇಂಗ್ಲಿಷಿಗೆ ಅದು 18ನೇ ಶತಮಾನದ ನಡುವೆ ಸೇರಿದಾಗ ಅರ್ಥ ಮೈ ತಿಕ್ಕುವುದು ಎಂದಷ್ಟೇ. 19ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಪಟ್ನಾ ಮೂಲದ ಸೇಕ್ ದೀನ್ ಮೊಹಮ್ಮದ್ ನಡೆಸುತ್ತಿದ್ದ ಹಬೆಸ್ನಾನದ ಮನೆಯಲ್ಲಿ ಶಾಂಪೂ ಎಂದರೆ ಮಾಲೀಸು. ತಲೆ ತೊಳೆಯುವುದು ಎಂಬ ಅರ್ಥ ಬಂದದ್ದು 1860ರ ಸುಮಾರಿಗೆ. ಕಡ ಹೋದ ಪದ ಅಂದರೆ ಹೀಗೆ: ಯಾವ ಕಾಲ, ಯಾರ ಕೈಯಿಂದ ಕೈಗೆ, ಅರ್ಥ ಎಲ್ಲಿ ಹೊರಳಿತು, ಎಲ್ಲದಕ್ಕೂ ಜಾಡು ಸಿಗುತ್ತದೆ.

ಕಲ್ಲುಮಣ್ಣು:
ಹಿಮ್ಮಡಿ ಉಜ್ಜುವ ಪ್ಯೂಮಿಸ್ ಕಲ್ಲನ್ನು ಯಾರೂ ನೆನೆಯಲಿಲ್ಲ. ಲ್ಯಾಟಿನ್ನಿನ ‘ಪೂಮೆಕ್ಸ್’ ಸ್ಪೂಮದ ಸಹೋದರಿ, ಸಕಾರ ಇಲ್ಲದ ರೂಪ. ಅರ್ಥವೂ ತಕ್ಕಂತಿದೆ: ಅನಿಲ ತುಂಬಿದ ಲಾವಾ ನೊರೆಯೆದ್ದು, ಗುಳ್ಳೆ ಒಡೆಯುವ ಮೊದಲೇ ಗಟ್ಟಿಯಾದದ್ದು. ನೀರಿಗೆ ಹಾಕಿದರೆ ಮೊದಮೊದಲು ತೇಲುತ್ತದೆ.

ತಿರುಳ್ಗನ್ನಡ:
ಅಂದರೆ ಫೇನ, ಫೋಮ್, ಪ್ಯೂಮಿಸ್ ಮೂರೂ ಒಂದೇ ಬೇರು. ಇದು ಬಲು ಚಂದದ ಮಾಹಿತಿ, ಧನ್ಯವಾದ.

ನುಡಿತಕ್ಕಡಿ:
ಎರಡನೆಯ ಪ್ರಶ್ನೆಗೆ ಬರುತ್ತೇನೆ. ಐದೂ ಪದಗಳ ಹುಟ್ಟು ನೋಡಿದರೆ ಅನುವಾದ ಹಗುರವಾಗುತ್ತದೆ.

ಫ್ರಾತ್ ಹಳೆಯ ನಾರ್ಸ್ ಭಾಷೆಯ ‘ಫ್ರೋದ’ದಿಂದ, ಸ್ಕ್ಯಾಂಡಿನೇವಿಯನ್ನರ ಜೊತೆ ಇಂಗ್ಲಿಷಿಗೆ ಬಂದದ್ದು. ಫೋಮ್‌ಗೂ ಇದಕ್ಕೂ ನೆಂಟಸ್ತಿಕೆ ಇಲ್ಲ. ಸಾಮಾನ್ಯ ಬಳಕೆಯಲ್ಲಿ ಫ್ರಾತ್ ಎಂದರೆ ದೊಡ್ಡ ಗುಳ್ಳೆಯ, ಬೇಗ ಇಳಿಯುವ, ಸತ್ವವಿಲ್ಲದ ನೊರೆ. ಅದಕ್ಕೇ ‘ಫ್ರಾತಿ’ ಎಂದರೆ ಪೊಳ್ಳು ಎಂಬ ಅರ್ಥ. 2005ರಲ್ಲಿ ಅಮೆರಿಕದ ಫೆಡರಲ್ ರಿಸರ್ವ್ ಅಧ್ಯಕ್ಷ ಅಲನ್ ಗ್ರೀನ್‌ಸ್ಪಾನ್ ಮನೆಬೆಲೆಗಳ ಬಗ್ಗೆ ಮಾತಾಡುತ್ತ ಈ ಪದ ಬಳಸಿದ್ದರು. ಅಂಥ ಕಡೆ ‘ಮಾರುಕಟ್ಟೆಯಲ್ಲಿ ನೊರೆ’ ಎಂದು ಬರೆದರೆ ಕನ್ನಡದ ಓದುಗನಿಗೆ ಏನೂ ಹೊಳೆಯುವುದಿಲ್ಲ. ‘ಪೊಳ್ಳು ಉಬ್ಬರ’ ಎನ್ನಿ. ಕ್ಷಣಿಕ ಎಂಬ ಛಾಯೆ ಬೇಕಿದ್ದರೆ ನಮ್ಮಲ್ಲಿ ‘ನೀರ ಮೇಲಣ ಗುಳ್ಳೆ’ ಇದ್ದೇ ಇದೆ. ನಾವು ಪೊಳ್ಳುತನಕ್ಕೆ ಗುಳ್ಳೆಯನ್ನು ಹಿಡಿದೆವು, ನೊರೆಯನ್ನಲ್ಲ. ನೊರೆ ನಮಗೆ ಸಮೃದ್ಧಿಯ ಚಿಹ್ನೆ: ನೊರೆಹಾಲು ಎಂದರೆ ಆಗತಾನೇ ಕರೆದ, ನೀರು ಬೆರೆಸದ ಹಾಲು.

ಲ್ಯಾದರ್ ‘ತೊಳೆ’ ಎಂಬ ಧಾತುವಿನದು. ಲ್ಯಾಟಿನ್ನಿನ ‘ಲವಾರೆ’, ಅದರಿಂದ ಬಂದ ಲಾಂಡ್ರಿ, ಲೋಷನ್ ಇದೇ ಕುಟುಂಬ. ಹಾಗಾಗಿ ಸಾಬೂನು ತಿಕ್ಕಿ ಬರಿಸಿದ ನೊರೆಯೇ ಲ್ಯಾದರ್. ಓಡಿ ಬಂದ ಕುದುರೆಯ ಮೈಮೇಲಿನ ಬಿಳಿನೊರೆಗೂ ಲ್ಯಾದರ್ ಎನ್ನುತ್ತಾರೆ. ಕುದುರೆಯ ಬೆವರಿನಲ್ಲಿ ಸಾಬೂನಿನಂತೆ ವರ್ತಿಸುವ ‘ಲ್ಯಾದರಿನ್’ ಎಂಬ ಪ್ರೋಟೀನ್ ಇದೆ, ಲಗಾಮು ಜೀನು ಉಜ್ಜುವಲ್ಲಿ ಅದು ನೊರೆಯೇಳುತ್ತದೆ. ಅಲ್ಲಿ ‘ಬೆವರಿನ ನೊರೆ’ ಎಂದು ಬಿಡಿಸಿ ಬರೆಯಬೇಕು. ಬರಿಯ ‘ನೊರೆ’ ಎಂದರೆ ಬಾಯಿಂದ ಬಂದದ್ದೆಂದು ತಿಳಿಯುತ್ತಾರೆ.

ಸಡ್ಸ್ ಬಹುವಚನದಲ್ಲೇ ಇರುವ ಪದ. 16ನೇ ಶತಮಾನದಲ್ಲಿ ಅದರ ಅರ್ಥ ಗಸಿ, ಕೊಳೆ, ಕೆಸರು. ಡಚ್ಚರ ನುಡಿಯಲ್ಲಿ ಜೌಗುನೆಲಕ್ಕಿದ್ದ ಪದದಿಂದ ಬಂದಿರಬಹುದು. ಇಂದಿಗೂ ಸಡ್ಸ್ ಎಂದರೆ ಮೇಲಿನ ನೊರೆ ಮಾತ್ರವಲ್ಲ, ನೊರೆಯಿರುವ ಸೋಪಿನ ನೀರು ಸಮೇತ. ‘ಸಡ್ಸ್‌ನಲ್ಲಿ ಬಟ್ಟೆ ನೆನೆಹಾಕಿ’ ಎಂಬುದನ್ನು ‘ಸೋಪಿನ ನೀರಿನಲ್ಲಿ ನೆನೆಹಾಕಿ’ ಎಂದೇ ಬರೆಯಬೇಕು. ನೊರೆಯಲ್ಲಿ ಬಟ್ಟೆ ನೆನೆಯುವುದಿಲ್ಲ.

ಸ್ಕಮ್‌ನ ಕಥೆ ಎಲ್ಲಕ್ಕಿಂತ ದೊಡ್ಡದು. ಮಧ್ಯಕಾಲದ ಡಚ್ಚಿನಲ್ಲಿ ‘ಸ್ಖೂಮ’ ಎಂದರೆ ನೊರೆಯೇ; ಜರ್ಮನ್ನಿನ ‘ಶೌಮ್’ಗೆ ಇಂದಿಗೂ ಅದೇ ಅರ್ಥ. ಇಂಗ್ಲಿಷಿನಲ್ಲಿ ಅದು ಮೇಲೆ ತೇಲುವ ಕಲ್ಮಶದ ಪದರವಾಗಿ, 16ನೇ ಶತಮಾನದ ಕೊನೆಗೆ ಮನುಷ್ಯರನ್ನು ಬೈಯುವ ಮಾತಾಗಿ ಇಳಿಯಿತು. ಅದೇ ಜರ್ಮ್ಯಾನಿಕ್ ಪದ ಫ್ರೆಂಚಿಗೆ ಹೋಗಿ ಈಗಿನ ‘ಎಕ್ಯೂಮ್’ ಆಯಿತು. ಅದರ ಹಳೆಯ ರೂಪದಿಂದಲೇ ಇಂಗ್ಲಿಷಿಗೆ ‘ಸ್ಕಿಮ್’ ಬಂತು. ಹಾಲಿನ ಪುಡಿಯ ಪೊಟ್ಟಣದ ‘ಸ್ಕಿಮ್ಡ್ ಮಿಲ್ಕ್’ ಇದೇ ಸ್ಕಿಮ್. ಇಲ್ಲಿ ಒಂದು ಬಲೆಯಿದೆ: ಸ್ಪ್ಯಾನಿಷಿನ ‘ಎಸ್ಪೂಮ’ ಮತ್ತು ಫ್ರೆಂಚಿನ ‘ಎಕ್ಯೂಮ್’ ನೋಡಲು ಅವಳಿಗಳಂತಿವೆ, ಅರ್ಥವೂ ನೊರೆಯೇ. ಆದರೆ ಎಸ್ಪೂಮ ಲ್ಯಾಟಿನ್ನಿನ ಸ್ಪೂಮದಿಂದ ಬಂದದ್ದು, ಎಕ್ಯೂಮ್ ಜರ್ಮ್ಯಾನಿಕ್‌ನಿಂದ.

ಆಲೆಮನೆ:
ಸ್ಕಮ್‌ಗೆ ಕನ್ನಡದಲ್ಲಿ ಸಂದರ್ಭ ನೋಡಿ ಪದ ಆರಿಸಬೇಕು. ಬೆಲ್ಲ ಮಾಡುವಾಗ ಕಬ್ಬಿನಹಾಲು ಕಾಯುತ್ತಿದ್ದಂತೆ ಪ್ರೋಟೀನು, ನಾರಿನ ಚೂರು, ಮಣ್ಣು ಎಲ್ಲ ಸೇರಿ ಮೇಲೆ ದಪ್ಪ ಪದರ ಕಟ್ಟುತ್ತದೆ. ಬೆಂಡೆಗಿಡದ ಲೋಳೆರಸ ಹಾಕುವುದು ಆ ಚೂರುಗಳನ್ನು ಒಂದಕ್ಕೊಂದು ಅಂಟಿಸಿ ಮೇಲೆ ತರುವುದಕ್ಕೆ. ಹಾಲು ಜೋರಾಗಿ ಕುದಿಯುವ ಮೊದಲೇ ಅದನ್ನು ಜಾಲರಿಯಿಂದ ತೆಗೆಯಬೇಕು. ಕುದಿ ಬಂತೆಂದರೆ ಪದರ ಒಡೆದು ಕಲ್ಮಶ ಮತ್ತೆ ರಸದೊಳಕ್ಕೇ ಕಲಸಿಹೋಗುತ್ತದೆ, ಬೆಲ್ಲ ಕಪ್ಪಾಗುತ್ತದೆ. ಇದು ‘ಕಲ್ಮಶ’, ‘ಕೊಳೆ’. ಇದಾದ ಮೇಲೆ ಪಾಕದ ಹಂತದಲ್ಲಿ ಏಳುವ ಹೊಂಬಣ್ಣದ ನೊರೆ ಬೇರೆ, ಅದನ್ನು ತೆಗೆಯುವುದಿಲ್ಲ. ಇಂಗ್ಲಿಷಿನಲ್ಲಿ ಮೊದಲನೆಯದು ಸ್ಕಮ್, ಎರಡನೆಯದು ಫ್ರಾತ್ ಅಥವಾ ಫೋಮ್.

ರಸಶಾಲೆ:
ಸೋಪಿನ ಸ್ಕಮ್ ನೊರೆಯೇ ಅಲ್ಲ, ನೊರೆಯ ವೈರಿ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ಜೊತೆ ಸೇರಿ ಕರಗದ ಬಿಳಿ ಜಿಡ್ಡಾಗುತ್ತದೆ. ಕ್ಯಾಲ್ಸಿಯಂ ಮುಗಿಯುವವರೆಗೂ ಸಾಬೂನು ಅದಕ್ಕೇ ಖರ್ಚು, ಆಮೇಲೆ ಉಳಿದದ್ದಷ್ಟೇ ನೊರೆ ಕೊಡುತ್ತದೆ. ಪರೀಕ್ಷೆ ಸುಲಭ: ಎರಡು ಒಂದೇ ಬಗೆಯ ಸೀಸೆಗಳಲ್ಲಿ ಮಳೆನೀರು, ಬೋರ್‌ವೆಲ್ ನೀರು ತಲಾ 100 ಮಿಲಿ ಲೀಟರ್ ಹಾಕಿ, ಎರಡಕ್ಕೂ ಸಾಬೂನು ಕರಗಿಸಿದ ನೀರನ್ನು 10 ಹನಿ ಬಿಟ್ಟು ಸಮನಾಗಿ ಕುಲುಕಿ. ಮಳೆನೀರಿನಲ್ಲಿ ನೊರೆ ಎದ್ದು ಹಾಗೇ ಉಳಿಯುತ್ತದೆ. ಗಡಸು ನೀರು ಹಾಲಿನಂತೆ ಮಬ್ಬಾಗಿ ನೊರೆ ಇಳಿದುಹೋಗುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಬಳಸಿ ಈ ಪರೀಕ್ಷೆ ಮಾಡಬೇಡಿ. ಡಿಟರ್ಜೆಂಟ್ ಕ್ಯಾಲ್ಸಿಯಂ ಜೊತೆ ಹೀಗೆ ಜಿಡ್ಡಾಗುವುದಿಲ್ಲ, ಎರಡು ಸೀಸೆಯಲ್ಲೂ ನೊರೆ ಬಂದು ಫಲಿತಾಂಶ ಕೆಡುತ್ತದೆ. ಇಲ್ಲಿ ಸ್ಕಮ್‌ಗೆ ‘ಸೋಪಿನ ಜಿಡ್ಡು’ ಸರಿಯಾದ ಪದ.

ತಾಂತ್ರಿಕ ಬರಹಗಳಲ್ಲಿ ಫೋಮ್ ಮತ್ತು ಫ್ರಾತ್ ಬೇರೆ ಬೇರೆ, ಬೆರೆಸಬಾರದು. ಫೋಮ್‌ನಲ್ಲಿ ದ್ರವ ಮತ್ತು ಅನಿಲ ಎರಡೇ. ಅದಿರು ಸಂಸ್ಕರಣೆಯ ಫ್ರಾತ್‌ನಲ್ಲಿ ಮೂರು: ನೀರು, ಗಾಳಿ, ಗುಳ್ಳೆಗೆ ಅಂಟಿಕೊಂಡ ಖನಿಜದ ಕಣ. ಫ್ರಾತ್ ಫ್ಲೋಟೇಷನ್ ಎಂಬ ವಿಧಾನದಲ್ಲಿ ಪೈನ್ ಎಣ್ಣೆ ನೊರೆ ಕೊಡುತ್ತದೆ, ಕ್ಸಾಂಥೇಟ್ ಎಂಬ ರಾಸಾಯನಿಕ ಸಲ್ಫೈಡ್ ಖನಿಜದ ಕಣಗಳಿಗೆ ನೀರು ಒಲ್ಲದ ಮೈ ಕೊಡುತ್ತದೆ. ಕಣ ಗುಳ್ಳೆಗೆ ಅಂಟಿ ಮೇಲೇರುತ್ತದೆ, ಮರಳು ಕಲ್ಲು ತಳದಲ್ಲೇ ಉಳಿಯುತ್ತವೆ. ಇದಕ್ಕೆ ‘ಅದಿರುನೊರೆ’ ಎಂದು ಬರೆದರೆ ಗೊಂದಲ ಇರುವುದಿಲ್ಲ.

ಅಗ್ನಿಶಾಮಕದ ಫೋಮ್ ಇನ್ನೊಂದು. ರಷ್ಯಾದ ಅಲೆಕ್ಸಾಂಡರ್ ಲೊರಾನ್ 20ನೇ ಶತಮಾನದ ಮೊದಲ ವರ್ಷಗಳಲ್ಲಿ, ಬಾಕುವಿನ ಎಣ್ಣೆಬಾವಿಗಳ ಬೆಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ರೂಪಿಸಿದರು. ನೀರು ಎಣ್ಣೆಗಿಂತ ಭಾರ, ಕೆಳಗಿಳಿದು ನಿಷ್ಪ್ರಯೋಜಕವಾಗುತ್ತದೆ. ನೊರೆ ಎಣ್ಣೆಯ ಮೇಲೆ ತೇಲಿ ಕಂಬಳಿಯಂತೆ ಮುಚ್ಚಿ ಗಾಳಿ ತಡೆಯುತ್ತದೆ. ಡಬ್ಬದ ಮೇಲೆ ಶೇಕಡ 3 ಎಂದಿದ್ದರೆ 97 ಲೀಟರ್ ನೀರಿಗೆ 3 ಲೀಟರ್ ಸಾರದ್ರವ ಎಂದರ್ಥ. ಹಿಗ್ಗುವ ಪ್ರಮಾಣ 8 ಎಂದಿದ್ದರೆ ಆ 100 ಲೀಟರ್ ಮಿಶ್ರಣ 800 ಲೀಟರ್ ನೊರೆಯಾಗುತ್ತದೆ. 20 ಪಟ್ಟಿನವರೆಗೆ ಕಡಿಮೆ ಹಿಗ್ಗುವ ನೊರೆ, 20ರಿಂದ 200ರವರೆಗೆ ಮಧ್ಯಮ, ಅದಕ್ಕಿಂತ ಮೇಲಿನದು ಹೆಚ್ಚು ಹಿಗ್ಗುವ ನೊರೆ. ಮಿಶ್ರಣ ತೆಳುವಾದರೆ ಕಂಬಳಿ ಬೇಗ ಹರಿದು ಬೆಂಕಿ ಮರುಕಳಿಸುತ್ತದೆ.

ಕೆರೆಕಾವಲು:
ಬೆಳ್ಳಂದೂರು, ವರ್ತೂರು ಕೆರೆಗಳ ಸುದ್ದಿಯಲ್ಲಿ ಇಂಗ್ಲಿಷ್ ಪತ್ರಿಕೆಗಳು ಒಂದು ದಿನ ಫೋಮ್, ಇನ್ನೊಂದು ದಿನ ಫ್ರಾತ್ ಎಂದು ಬರೆದವು. ಕನ್ನಡದಲ್ಲಿ ‘ನೊರೆ’ ಎಂಬ ಒಂದೇ ಪದ ಸಾಕಾಯಿತು, ಅದು ಸರಿಯೂ ಹೌದು. ಆದರೆ ‘ನೊರೆಗೆ ಬೆಂಕಿ ಬಿತ್ತು’ ಎಂಬ 2015ರ ಶೀರ್ಷಿಕೆಗಳು ಓದುಗರನ್ನು ಗಲಿಬಿಲಿಗೊಳಿಸಿದವು. ಸೋಪಿನ ನೊರೆ ತಾನಾಗಿ ಉರಿಯುವಂಥದ್ದಲ್ಲ. ಗುಳ್ಳೆಯೊಳಗೆ ಸಿಕ್ಕಿಕೊಂಡ ಉರಿಯುವ ಅನಿಲ, ಮೇಲೆ ಸೇರಿದ ಎಣ್ಣೆಜಿಡ್ಡು ಉರಿಯಬಲ್ಲವು. ಡಿಟರ್ಜೆಂಟ್ ತುಂಬಿದ ಕೊಳಚೆ ಕೆರೆಯ ಕೋಡಿಯಲ್ಲಿ ಧುಮ್ಮಿಕ್ಕುವಾಗ ಗಾಳಿ ಬೆರೆತು ಬುರುಗೇಳುತ್ತದೆ. ಇಲ್ಲಿ ‘ಬುರುಗು’ ಪದ ಮತ್ತೆ ತಂದರೆ ಒಳ್ಳೆಯದಿತ್ತು.

ಹತ್ತಿನೂಲು:
ಗಟ್ಟಿ ಫೋಮ್ ಬಿಟ್ಟುಹೋಗಿದೆ. ಅಂಗಡಿಗೆ ಹೋಗಿ ‘ನೊರೆ ಹಾಸಿಗೆ’ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಅಲ್ಲಿ ‘ಫೋಮ್’ ಎಂದೇ ಉಳಿಸಬೇಕು. ಈ ಅರ್ಥ 20ನೇ ಶತಮಾನದ್ದು. ರಬ್ಬರ್ ಹಾಲನ್ನು ಕಡೆದು ನೊರೆಯೆಬ್ಬಿಸಿ ಗಟ್ಟಿ ಮಾಡುವ ಡನ್‌ಲಪ್ ವಿಧಾನ 1929ರದ್ದು. ಪಾಲಿಯುರೆಥೇನ್ (ಪಿಯು) ಎಂಬ ಪ್ಲಾಸ್ಟಿಕ್ಕಿನ ರಸಾಯನವನ್ನು ಜರ್ಮನಿಯ ಓಟೊ ಬೇಯರ್ ತಂಡ 1937ರಲ್ಲಿ ಕಂಡುಹಿಡಿಯಿತು, ಮೆತ್ತನೆಯ ಪಿಯು ಫೋಮ್ ಮಾರುಕಟ್ಟೆಗೆ ಬಂದದ್ದು 1950ರ ದಶಕದಲ್ಲಿ. ಮೆಮೊರಿ ಫೋಮ್ 1966ರಲ್ಲಿ ನಾಸಾದ ಏಮ್ಸ್ ಕೇಂದ್ರಕ್ಕಾಗಿ ವಿಮಾನದ ಆಸನಗಳಿಗೆಂದು ರೂಪುಗೊಂಡದ್ದು. ಹೆಸರು ಮಾತ್ರ ಹಳೆಯದೇ, ಏಕೆಂದರೆ ತಯಾರಾಗುವಾಗ ಅದು ನಿಜಕ್ಕೂ ನೊರೆ. ಗುಳ್ಳೆಯ ಗೋಡೆ ಗಟ್ಟಿಯಾಗುವುದಷ್ಟೇ ವ್ಯತ್ಯಾಸ.

ಫೋಮ್ ಹಾಸಿಗೆ ಮಾರುವವರು ಹೇಳುವ ‘32 ಡೆನ್ಸಿಟಿ’ ಎಂದರೆ ಒಂದು ಘನ ಮೀಟರಿಗೆ 32 ಕಿಲೊ. 72×36×4 ಇಂಚಿನ ಹಾಸಿಗೆ ಸುಮಾರು 0.17 ಘನ ಮೀಟರ್, ಹಾಗಾಗಿ ಕವರ್ ಬಿಟ್ಟು ಸುಮಾರು 5.4 ಕಿಲೊ ತೂಗಬೇಕು. 40 ಡೆನ್ಸಿಟಿಯದು 6.8 ಕಿಲೊ. ತಕ್ಕಡಿಗೆ ಇಟ್ಟರೆ ಮಾತು ನಿಜವೋ ಸುಳ್ಳೋ ತಿಳಿಯುತ್ತದೆ. ಡೆನ್ಸಿಟಿ ಬೇರೆ, ಗಟ್ಟಿತನ ಬೇರೆ. ಒಂದೇ ಡೆನ್ಸಿಟಿಯಲ್ಲಿ ಮೆತ್ತಗಿನದೂ ಬಿರುಸಿನದೂ ಸಿಗುತ್ತವೆ. ಚೂರುಗಳನ್ನು ಅಂಟಿಸಿ ಒತ್ತಿದ ರೀಬಾಂಡೆಡ್ ಫೋಮ್ ಇನ್ನೂ ಭಾರ ಇರುತ್ತದೆ, ಅದನ್ನು ಈ ಲೆಕ್ಕಕ್ಕೆ ಹೋಲಿಸಬಾರದು.

ಇನ್ನೊಂದು ತಪ್ಪು: ಇಂಗ್ಲಿಷಿನಲ್ಲಿ ಕಾಫಿ ಕಪ್ಪಿಗೂ ‘ಸ್ಟೈರೊಫೋಮ್’ ಎನ್ನುತ್ತಾರೆ. ಸ್ಟೈರೊಫೋಮ್ ಡೌ ಕಂಪನಿ ಹುಟ್ಟುಹಾಕಿದ, ಈಗ ಡುಪಾಂಟ್ ಕಂಪನಿಯ ಕೈಯಲ್ಲಿರುವ ವ್ಯಾಪಾರಮುದ್ರೆ, ಕಟ್ಟಡಗಳ ಶಾಖ ತಡೆಗೆ ಬಳಸುವ ಹಲಗೆ. ಕಾಫಿ ಕಪ್ಪಿನದು, ಟಿವಿ ಪೆಟ್ಟಿಗೆಯೊಳಗಿನ ಬಿಳಿ ಕಾಳುಕಾಳಿನದು ಬೇರೆ ವಿಧಾನದ್ದು. ಕನ್ನಡಕ್ಕೆ ತರುವಾಗ ‘ಥರ್ಮಾಕೋಲ್’ ಎನ್ನಿ, ಎಲ್ಲರಿಗೂ ತಿಳಿಯುತ್ತದೆ.

ಪದಬುತ್ತಿ:
‘ಫೋಮಿಂಗ್ ಅಟ್ ದ ಮೌತ್’ ಎಂಬುದನ್ನು ಕಾದಂಬರಿಯೊಂದರಲ್ಲಿ ‘ಬಾಯಲ್ಲಿ ನೊರೆ ಕಾರುತ್ತ’ ಎಂದು ಅನುವಾದಿಸಿದ್ದಾರೆ. ಸರಿಯೇ?

ನುಡಿತಕ್ಕಡಿ:
ಪಾತ್ರಕ್ಕೆ ಮೂರ್ಛೆರೋಗವಿದ್ದರೆ, ವಿಷ ಕುಡಿದಿದ್ದರೆ, ಹುಚ್ಚುನಾಯಿಯಾಗಿದ್ದರೆ ಸರಿ. ಸಿಟ್ಟು ಬಂದಿದ್ದರೆ ತಪ್ಪು. ಕನ್ನಡದಲ್ಲಿ ಸಿಟ್ಟಿಗೂ ನೊರೆಗೂ ಸಂಬಂಧವಿಲ್ಲ, ಬೆಂಕಿಗೆ ಸಂಬಂಧ: ಕೆಂಡಾಮಂಡಲವಾದ, ಉರಿದುಬಿದ್ದ, ಕಿಡಿಕಾರಿದ. ಓದುಗರು ಬಾಯಿನೊರೆ ಎಂದರೆ ಹಾವು ಕಚ್ಚಿತೇ ಎಂದು ಯೋಚಿಸುತ್ತಾರೆ.

ತಿರುಳ್ಗನ್ನಡ:
ಕೊನೆಯದಾಗಿ ಮುಖ್ಯ ಅನ್ನಿಸಿದ್ದು. ಇಂಗ್ಲಿಷು ನೊರೆಯ ಬಗೆಗಳನ್ನು ನಾಮಪದಗಳಲ್ಲಿ ಹಂಚಿದೆ, ಕನ್ನಡ ಕ್ರಿಯಾಪದಗಳಲ್ಲಿ ಹಂಚಿದೆ. ಐದು ಹೊಸ ಪದ ಟಂಕಿಸುವ ಅಗತ್ಯವಿಲ್ಲ, ಕ್ರಿಯಾಪದ ಸರಿ ಹಿಡಿದರೆ ಆಯಿತು. ಸಾಬೂನಿಗೆ ನೊರೆ ಬರುತ್ತದೆ. ಕಡಲಿಗೆ, ಕರೆಯುವ ಹಾಲಿಗೆ ನೊರೆ ಏಳುತ್ತದೆ. ಸಾರು ನೊರೆಗಟ್ಟುತ್ತದೆ, ಆಗ ಇಳಿಸಬೇಕು. ಕೊತಕೊತ ಕುದಿಸಿದರೆ ಪರಿಮಳ ಹೋಗುತ್ತದೆ. ತೊಗರಿಬೇಳೆ ಬೇಯುವಾಗ ನೊರೆ ತೆಗೆಯುತ್ತೇವೆ, ಅದು ಸ್ಕಿಮ್. ಕಾಫಿಯನ್ನು ಎತ್ತಿ ಸುರಿದು ನೊರೆ ಬರಿಸುತ್ತೇವೆ, ಅದು ಫ್ರಾತ್ ಮಾಡುವುದು. ಹಾಲು ಮಾತ್ರ ಒಲೆಯ ಮೇಲೆ ಉಕ್ಕುತ್ತದೆ. ಅಲ್ಲಿ ನೊರೆ ಎಂಬ ಪದವೇ ಬೇಡ.

ಪದಬುತ್ತಿ:
‘ವರ್ಕ್ ಇಂಟು ಎ ಲ್ಯಾದರ್’ ಎಂದು ಶಾಂಪೂ ಸೀಸೆಯ ಮೇಲಿರುವುದಕ್ಕೆ ‘ನೊರೆಯಾಗಿ ಕೆಲಸ ಮಾಡಿ’ ಎಂಬ ಅನುವಾದ ಕಣ್ಣಿಗೆ ಬಿದ್ದಿತ್ತು. ‘ನೊರೆ ಬರುವಂತೆ ತಿಕ್ಕಿ’ ಎಂದು ತಿದ್ದಿದರೆ ಸಾಕಲ್ಲವೇ?

ತಿರುಳ್ಗನ್ನಡ:
ಸಾಕು. ‘ನೊರೆ ಬರುವ ತನಕ ತಿಕ್ಕಿ’ ಎಂದರೆ ಇನ್ನೂ ನಿಖರ, ಎಷ್ಟು ಹೊತ್ತು ಎಂಬುದೂ ಅದರಲ್ಲೇ ಬಂತು.